ಇಲ್ಲಿ ಬಲೆ ಇದೆಯೇ?

ಉತ್ತರ ಪೋರ್ಚುಗಲ್‌ನ ಹಳ್ಳಿಯೊಂದರಲ್ಲಿ ಕಲ್ಲುಮನೆ. ಗೋಡೆ ಒಂದೂವರೆ ಮೊಳ ದಪ್ಪ, ಪೂರ್ತಿ ಗ್ರಾನೈಟ್. ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ನನಗೆ ಬರುವ ಅಷ್ಟಿಷ್ಟು ಪೋರ್ಚುಗೀಸ್‌ನಲ್ಲೇ ಮನೆಯ ಅಜ್ಜಿಯನ್ನು ಕೇಳಿದೆ: ‘ಆ ರೇದ್ ಅಕೀ?’ ಅವರು ಬೆರಳು ತೋರಿಸಿ ‘ಸೋ ಆ ಜನೆಲಾ’ ಎಂದರು. ಕಿಟಕಿಯ ಹತ್ತಿರ ಮಾತ್ರ. ನಮ್ಮ ಕರಾವಳಿಯಲ್ಲಿ ‘ಜನೆಲ್’ ಎಂಬ ಮಾತು ಕೇಳಿ ಬೆಳೆದವರಿಗೆ ಈ ಉತ್ತರಕ್ಕೆ ನಿಘಂಟು ಬೇಕಿಲ್ಲ. ಮೇಜು, ಚಾವಿ, ಪಗಾರಗಳಂತೆ ಅದೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಪದ.

‘ರೇದ್’ ಎಂದರೆ ಬಲೆ. ಮೀನಿನ ಬಲೆಗೂ ಮೊಬೈಲ್ ನೆಟ್‌ವರ್ಕಿಗೂ ಅದೇ ಪದ. ಮೊದಲ ‘ರ’ಕಾರವನ್ನು ಗಂಟಲಿನಿಂದ ಹೊರಡಿಸಬೇಕು. ಬ್ರೆಜಿಲ್‌ನ ಬಹುಭಾಗದಲ್ಲಿ ಇದೇ ಪದ ‘ಹೇಜಿ’ ಆಗುತ್ತದೆ. ಅಲ್ಲಿ ‘ತೇಂ ಸಿನಾವ್?’, ಅಂದರೆ ಸಿಗ್ನಲ್ ಇದೆಯೇ ಎಂದೂ ಕೇಳುತ್ತಾರೆ. ಪೋರ್ಚುಗಲ್‌ನವರ ‘ತೆಲೆಮೋವೆಲ್’ ಬ್ರೆಜಿಲ್‌ನವರಿಗೆ ‘ಸೆಲುಲಾರ್’. ನನಗೆ ಬಹಳ ಹಿಡಿಸಿದ್ದು ರೇದ್ ಮತ್ತು ಸೆಲುಲಾರ್ ಎಂಬ ಜೋಡಿ. ಒಂದು ಬಲೆ, ಇನ್ನೊಂದರೊಳಗಿರುವುದು ‘ಸೆಲ್’, ಅಂದರೆ ಕೋಶ: ಬಲೆಯ ಕಣ್ಣು.

ಊರಿಗೆಲ್ಲ ಎತ್ತರದ ಗೋಪುರ ಒಂದೇ ಇದ್ದರೆ ಅದರ ತರಂಗಾಂತರಗಳು ಕೆಲವೇ ಕರೆಗಳಿಗೆ ಮುಗಿದುಹೋಗುತ್ತವೆ. ಪ್ರದೇಶವನ್ನು ಆರು ಮೂಲೆಯ ಪುಟ್ಟ ಕೋಶಗಳಾಗಿ ಹಂಚಿ, ಪ್ರತಿ ಕೋಶಕ್ಕೂ ಕಡಿಮೆ ಶಕ್ತಿಯ ಆ್ಯಂಟೆನಾ ಕೊಟ್ಟರೆ, ಒಂದು ಕೋಶದ ತರಂಗಾಂತರವನ್ನೇ ಸ್ವಲ್ಪ ದೂರದ ಇನ್ನೊಂದರಲ್ಲಿ ಮತ್ತೆ ಬಳಸಬಹುದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ಲಸ್ ರಿಂಗ್ 1947ರಲ್ಲೇ ಹೀಗೊಂದು ಟಿಪ್ಪಣಿ ಬರೆದಿದ್ದರು. ಜನ ಕಿಕ್ಕಿರಿದ ಲಿಸ್ಬನ್‌ನಲ್ಲಿ ಬಲೆಯ ಕಣ್ಣು ಚಿಕ್ಕದು, ಕೆಲವೆಡೆ ಒಂದೆರಡು ಬೀದಿಯಷ್ಟೇ. ಬೆಟ್ಟದ ಹಳ್ಳಿಗಳಲ್ಲಿ ಕಣ್ಣು ದೊಡ್ಡದು. ಹಳೆಯ 2ಜಿ ವ್ಯವಸ್ಥೆಯಲ್ಲಿ ಒಂದು ಗೋಪುರಕ್ಕೆ ಸಾಮಾನ್ಯವಾಗಿ 35 ಕಿಲೋಮೀಟರಿನ ಗಡಿ. ಅದಕ್ಕೂ ದೂರದಿಂದ ಹೊರಟ ಫೋನಿನ ಉತ್ತರ ತನಗೆ ಮೀಸಲಿಟ್ಟ ಗಳಿಗೆ ತಪ್ಪಿ, ತಡವಾಗಿ ತಲುಪುತ್ತದೆ.

ಹಾಗಾದರೆ ಕಿಟಕಿಯ ಗುಟ್ಟೇನು? 900 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. 5ಜಿಗೆ ಬಳಸುವ 3,500 ಮೆಗಾಹರ್ಟ್ಸ್‌ನದು ಎಂಟೂವರೆ ಸೆಂಟಿಮೀಟರ್ ಆಸುಪಾಸು. ಉದ್ದದ ಅಲೆ ಗುಡ್ಡದ ಅಂಚಿನಲ್ಲಿ ಕೊಂಚ ಬಾಗಿ ಆಚೆಗೂ ಹಬ್ಬುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. ಗಿಡ್ಡ ಅಲೆ ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಅಡ್ಡ ಬಂದದ್ದಕ್ಕೆಲ್ಲ ಬೇಗ ಸೋಲುತ್ತದೆ. ದಪ್ಪ ಗ್ರಾನೈಟ್ ಎರಡನ್ನೂ ಕುಂದಿಸುತ್ತದೆ. ಮೀಟರಿನಷ್ಟು ಅಗಲದ ಕಿಟಕಿಯಾದರೋ ಈ ಅಲೆಗಳಿಗೆ ಹೆಬ್ಬಾಗಿಲು. ಹೊಸ ಕಟ್ಟಡಗಳಲ್ಲಿ ಈ ಅನುಕೂಲವೂ ಇರಲಿಕ್ಕಿಲ್ಲ. ಬಿಸಿಲು ತಡೆಯಲು ಗಾಜಿಗೆ ಬಳಿದ ತೆಳು ಲೋಹದ ಪದರ ಅಲೆಗಳನ್ನೂ ಹಿಂದಕ್ಕೆ ಕಳಿಸುತ್ತದೆ.

ಕಡ್ಡಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಆಯಾ ಫೋನ್ ತಯಾರಕರೇ ತೀರ್ಮಾನಿಸುತ್ತಾರೆ. ನಿಜವಾದ ಅಳತೆ ಡಿಬಿಎಂ. ಅನೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿವರದ ಪುಟ ತೆರೆದರೆ ಮೈನಸ್ 80, ಮೈನಸ್ 110 ಎಂಬಂಥ ಅಂಕಿ ಕಾಣುತ್ತದೆ. ಪ್ರತಿ 10 ಇಳಿದಾಗ ಶಕ್ತಿ ಹತ್ತನೇ ಒಂದಾಗುತ್ತದೆ. ಎಂದರೆ ಮೈನಸ್ 80ರಿಂದ 110ಕ್ಕೆ ಬಂದಾಗ ಉಳಿಯುವುದು ಸಾವಿರದಲ್ಲೊಂದು ಪಾಲು. ಅಷ್ಟು ಕ್ಷೀಣ ದನಿಯನ್ನೂ ಫೋನು ಕೇಳಿಸಿಕೊಳ್ಳುತ್ತದಲ್ಲ, ಅದೇ ನನಗೆ ಬೆರಗು. ಕಷ್ಟವಿರುವುದು ಮರುಮಾತಿನಲ್ಲಿ. ಸಾಮಾನ್ಯ 4ಜಿ ಫೋನು ಗಟ್ಟಿಯಾಗಿ ಕೂಗಿದರೂ ಒಂದು ವಾಟ್‌ನ ಐದನೇ ಒಂದು ಭಾಗದಷ್ಟು ಶಕ್ತಿ. ಗೋಪುರ ದೂರವಾದಷ್ಟೂ ಫೋನು ಗಂಟಲು ಹರಿಯುವಂತೆ ಕೂಗುತ್ತದೆ, ಬಲೆ ಸಿಗದಿದ್ದರೆ ಮತ್ತೆ ಮತ್ತೆ ಹುಡುಕುತ್ತದೆ. ಪ್ರವಾಸದಲ್ಲಿ ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಗಲು ಇದೊಂದು ದೊಡ್ಡ ಕಾರಣ.

ಇನ್ನೊಂದು ಮಾತು ನೆನಪಿರಲಿ. ನಿಮ್ಮ ಕಂಪನಿಯ ಬಲೆ ಇಲ್ಲದ ಕಡೆ ಬೇರೆ ಕಂಪನಿಯದಿದ್ದರೆ, ಅದರ ಮೂಲಕವೇ ತುರ್ತು ಕರೆ ಹೋಗುತ್ತದೆ. ಪೋರ್ಚುಗಲ್‌ನಲ್ಲೂ ಭಾರತದಲ್ಲೂ ಆ ಸಂಖ್ಯೆ 112.

ಅಜ್ಜಿ ಕಿಟಕಿಯ ಕಲ್ಲುಹಾಸಿನ ಮೇಲಿದ್ದ ಹೂಕುಂಡವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ಫೋನನ್ನು ಅಲ್ಲಿಟ್ಟೆ. ಅರೆನಿಮಿಷದಲ್ಲಿ ಎರಡು ಕಡ್ಡಿ ಮೂಡಿದವು.