ಅಂಗಳದ ಚೆರ್ರಿ: ಹೂವಿಗಿಂತ ಮೊದಲು ಬೇರು

ಹೂಚೆರ್ರಿ ಮರವನ್ನು ಹಣ್ಣಿಗಲ್ಲದೆ, ವಸಂತದಲ್ಲಿ ಒಂದೆರಡು ವಾರ ಮೈತುಂಬುವ ಹೂವಿಗಾಗಿಯೇ ಬೆಳೆಸುವುದರಿಂದ ಕೊಳ್ಳುವವರ ಕಣ್ಣು ಹೂವಿನ ಮೇಲೆಯೇ ನೆಡುವುದು ಸಹಜ. ಆದರೆ ಮರದ ಆಯುಸ್ಸನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದರ ಬೇರು. ಗುಲಾಬಿ ಕುಟುಂಬದ ಈ ಮರದ ಹೂಮೊಗ್ಗುಗಳು ಬೇಸಿಗೆಯಲ್ಲಿ ಮೂಡಿ, ಚಳಿಗಾಲದ ದೀರ್ಘ ಶೀತವನ್ನು ಉಂಡ ಮೇಲಷ್ಟೇ ಸರಿಯಾಗಿ ಬಿರಿಯುವುದರಿಂದ ಜಪಾನ್, ಯುರೋಪ್, ಅಮೆರಿಕದ ತಂಪು ಪ್ರದೇಶಗಳ ಅಂಗಳಗಳೇ ಅದಕ್ಕೆ ತಕ್ಕ ನೆಲೆ. ಬೆಂಗಳೂರಿನ ರಸ್ತೆಗಳಲ್ಲಿ ಚೆರ್ರಿಯೆಂದು ಹಲವರು ಭ್ರಮಿಸುವ ಗುಲಾಬಿ ಬಣ್ಣದ ಮರ ಬೇರೆಯೇ ಕುಟುಂಬದ ಟಬೆಬುಯಾ.

ಬೇರಿನ ಆರೋಗ್ಯ ಎಷ್ಟು ಮುಖ್ಯವೆಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. ಟೋಕಿಯೊ ನಗರವು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಕೊಟ್ಟ ಚೆರ್ರಿ ಮರಗಳ ಪೈಕಿ 1910ರಲ್ಲಿ ಬಂದ ಮೊದಲ 2,000 ಮರಗಳಲ್ಲಿ ಕೀಟಗಳೂ ಬೇರುಗಂಟಿನ ಜಂತುಗಳೂ ಕಂಡುಬಂದು, ಅವನ್ನೆಲ್ಲ ಸುಡಬೇಕಾಯಿತು. 1912ರಲ್ಲಿ ಬಂದ 3,020 ಮರಗಳಲ್ಲಿ ಹೆಚ್ಚಿನವು ಸೊಮೈ ಯೋಶಿನೊ ತಳಿಯವು. ಈ ತಳಿಯನ್ನು ಕಸಿಯಿಂದ, ಅಂದರೆ ಬೇರೊಂದು ಗಿಡದ ಬೇರಿನ ಮೇಲೆ ರೆಂಬೆಯನ್ನು ಕೂಡಿಸಿ ಬೆಳೆಸುವುದರಿಂದ ಅದರ ಮರಗಳೆಲ್ಲ ಒಂದೇ ವಂಶಗುಣದವು. ಒಂದೂರಿನಲ್ಲಿ ಅವೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಅರಳುವುದಕ್ಕೂ ಇದೇ ಕಾರಣ.

ಚೆರ್ರಿಗೆ ದಿನವಿಡೀ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಗುಂಡಿ ತೋಡಿ ನೀರು ತುಂಬಿಸಿದಾಗ ಮರುದಿನವೂ ಅದು ಇಂಗದೆ ನಿಂತಿದ್ದರೆ ಅಂತಹ ಜೇಡಿಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಕೊಳೆಯುವುದರಿಂದ, ಜಾಗ ಬದಲಿಸುವುದು ಇಲ್ಲವೇ ಮಣ್ಣಿನ ದಿಬ್ಬ ಕಟ್ಟಿ ನೆಡುವುದು ಲೇಸು. ಕಾಂಡವು ಅಗಲವಾಗಿ ಬೇರಿಗೆ ಕೂಡುವ ಭಾಗ ನೆಲದ ಮೇಲೆ ಕಾಣುವಂತಿರಬೇಕು; ಆಳಕ್ಕೆ ಹೂತ ಸಸಿ ಮೊದಲೆರಡು ವರ್ಷ ಚೆನ್ನಾಗಿದ್ದಂತೆ ತೋರಿದರೂ ಆಮೇಲೆ ಸೊರಗುತ್ತದೆ. ತೇವ ಉಳಿಸಲು ಹಾಸುವ ತರಗೆಲೆ, ಮರದ ಚೂರುಗಳು ಕಾಂಡಕ್ಕೆ ತಾಗಬಾರದು.

ಅಡ್ಡಗೆರೆಗಳಿರುವ ನುಣುಪಾದ ತೊಗಟೆಯನ್ನು ಆಗಾಗ ಹತ್ತಿರದಿಂದ ನೋಡಬೇಕು. ಅಲ್ಲಿ ಜೇನುಬಣ್ಣದ ಅಂಟು ಒಸರುತ್ತಿದ್ದರೆ ಮರಕ್ಕೆ ಪೆಟ್ಟೋ ರೋಗವೋ ತಗುಲಿದೆ ಎಂದರ್ಥ. ಅಂಟಿನಲ್ಲಿ ಹೊಟ್ಟಿನಂತಹ ಪುಡಿ ಬೆರೆತಿದ್ದರೆ ಕಾಂಡಕೊರಕ ಹುಳು ಒಳಗೆ ಸೇರಿರುವ ಸಂಭವ ಹೆಚ್ಚು. ಹುಲ್ಲು ಕತ್ತರಿಸುವ ಯಂತ್ರ ಬುಡಕ್ಕೆ ಮಾಡುವ ಗಾಯವೇ ಅನೇಕ ವೇಳೆ ಇದಕ್ಕೆಲ್ಲ ದಾರಿ ಮಾಡಿಕೊಡುತ್ತದೆ. ಕೊಂಬೆ ಸವರುವುದಿದ್ದರೆ ಹೂವು ಮುಗಿದ ಕೂಡಲೇ, ಒಣಹವೆಯಲ್ಲಿ ಸವರಬೇಕು. ಚಳಿಗಾಲದಲ್ಲಿ ಕತ್ತರಿಸಿದರೆ ಮೊಗ್ಗುಗಳೂ ಹೋಗುತ್ತವೆ, ಹಸಿಗಾಯದಲ್ಲಿ ಶಿಲೀಂಧ್ರವೂ ನೆಲೆಯೂರಬಹುದು.

ದಟ್ಟ ಗುಲಾಬಿ ಬಣ್ಣದ, ಎಸಳುಗಳು ತುಂಬಿದ ಕಾನ್ಜಾನ್ ತಳಿ ಎಲ್ಲರ ಮನಸೆಳೆದರೂ ಎಷ್ಟೋ ಅಂಗಳಗಳಲ್ಲಿ ಇಪ್ಪತ್ತು ವರ್ಷಗಳ ಸುಮಾರಿಗೆ ಸೊರಗುತ್ತದೆ. ದೀರ್ಘಕಾಲದ ಮರವನ್ನು ಬಯಸುವವರಿಗೆ ಹೂವು ಚಿಕ್ಕದಾದರೂ ಶಾಖ, ಚಳಿಗಳೆರಡನ್ನೂ ಹೆಚ್ಚು ತಾಳಿಕೊಳ್ಳುವ ಹಿಗಾನ್ ಚೆರ್ರಿಯೇ ಮೇಲು.