ಪರಿವೀಕ್ಷಣೆ ಮುಗಿದ ಮೇಲೆ ಹೊರರಾಜ್ಯದ ವಾರಂಟ್

ಪ್ರಶ್ನೆ: ಕರ್ನಾಟಕದಲ್ಲಿ ಪರಿವೀಕ್ಷಣೆಯ ಅವಧಿ ಮುಗಿಸಿದವರ ಮೇಲೆ ಆಂಧ್ರಪ್ರದೇಶದ ಹಳೆಯ ವಾರಂಟ್ ಬಾಕಿ ಇದ್ದರೆ ಅದು ತಾನಾಗಿಯೇ ರದ್ದಾಗುವುದೇ?
– ಓದುಗರು, ಪರಶುರಾಂಪುರ

ಉತ್ತರ: ರದ್ದಾಗುವುದಿಲ್ಲ. ಪರಿವೀಕ್ಷಣೆ ಎಂದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ 4ನೆಯ ಪ್ರಕರಣದಂತೆ, ತಪ್ಪಿತಸ್ಥನೆಂದು ತೀರ್ಮಾನವಾದವನನ್ನು ಕೂಡಲೇ ಶಿಕ್ಷೆಗೆ ಒಳಪಡಿಸದೆ, ಗರಿಷ್ಠ 3 ವರ್ಷ ಸನ್ನಡತೆಯಿಂದ ಇರುವೆನೆಂಬ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡುವ ವ್ಯವಸ್ಥೆ. ಅದರ ಮುಕ್ತಾಯವು ಆ ಒಂದು ಮೊಕದ್ದಮೆಗೆ ಮಾತ್ರ ಅನ್ವಯಿಸುತ್ತದೆ. ವಾರಂಟ್, ಅಂದರೆ ಬಂಧಿಸಿ ಹಾಜರುಪಡಿಸುವಂತೆ ನ್ಯಾಯಾಲಯ ನೀಡುವ ಲಿಖಿತ ಆದೇಶವಾದರೋ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೆಯ ಪ್ರಕರಣದ ಮೇರೆಗೆ, ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ಅಥವಾ ಜಾರಿಯಾಗುವವರೆಗೆ ಊರ್ಜಿತವಾಗಿರುತ್ತದೆ. 79ನೆಯ ಪ್ರಕರಣದ ಪ್ರಕಾರ ಅದನ್ನು ದೇಶದ ಯಾವ ಭಾಗದಲ್ಲಾದರೂ ಜಾರಿಗೊಳಿಸಬಹುದಾದ್ದರಿಂದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಗಡಿ ಅದಕ್ಕೆ ತಡೆಯಾಗದು.

ಹೊರಜಿಲ್ಲೆಯಲ್ಲಿ ಬಂಧಿತನಾದವನನ್ನು, ವಾರಂಟ್ ನೀಡಿದ ನ್ಯಾಯಾಲಯವು 30 ಕಿಲೋಮೀಟರ್ ಒಳಗಾಗಲಿ ಸ್ಥಳೀಯ ಮ್ಯಾಜಿಸ್ಟ್ರೇಟರಿಗಿಂತ ಸಮೀಪದಲ್ಲಾಗಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಪರಾಧವು ಜಾಮೀನು ನೀಡಬಹುದಾದದ್ದಾಗಿದ್ದು ಬಂಧಿತನು ಜಾಮೀನು ಒದಗಿಸಿದರೆ, ಅವರು ಅದನ್ನು ಸ್ವೀಕರಿಸಿ ಮುಚ್ಚಳಿಕೆಯನ್ನು ಮೂಲ ನ್ಯಾಯಾಲಯಕ್ಕೆ ಕಳುಹಿಸುತ್ತಾರೆ. ಜಾಮೀನುರಹಿತ ಅಪರಾಧವಾದರೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಅಥವಾ ಸೆಷನ್ಸ್ ನ್ಯಾಯಾಧೀಶರು ದಾಖಲೆಗಳನ್ನು ಪರಿಶೀಲಿಸಿ ಜಾಮೀನು ನೀಡಬಹುದು. ಬಂಧನಕ್ಕೆ ಕಾಯುವುದಕ್ಕಿಂತ, ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸ್ಥಿತಿ ನೋಡಿಕೊಂಡು, ಮೂಲ ನ್ಯಾಯಾಲಯದಲ್ಲಿ ವಕೀಲರ ಮೂಲಕ ಹಾಜರಾಗಿ, ಗೈರುಹಾಜರಿಯ ಕಾರಣ ವಿವರಿಸಿ, ವಾರಂಟ್ ಹಿಂಪಡೆಯುವಂತೆ ಅರ್ಜಿ ಸಲ್ಲಿಸುವುದೇ ಲೇಸು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಕಾನೂನು ಸೇವಾ ಸಂಸ್ಥೆಗಳಿಂದ ಉಚಿತ ವಕೀಲರನ್ನು ಪಡೆಯಲು ಅರ್ಹರು.