ಮೀನುಗಾರಿಕೆ ಬೋಟಿಗೆ ಫಿಶ್ ಫೈಂಡರ್: ಆಯ್ಕೆ ಮತ್ತು ಲೆಕ್ಕಾಚಾರ

ಅರಳಸುರಳಿ, ತೀರ್ಥಹಳ್ಳಿ, ಹೊಸನಗರದ ಪೇಟೆಗಳಿಗೆ ಬರುವ ಬಂಗುಡೆ, ಬೂತಾಯಿ ಮೀನುಗಳು ಮಲ್ಪೆ, ಗಂಗೊಳ್ಳಿಯಂತಹ ಬಂದರುಗಳಿಂದ ಘಟ್ಟ ಹತ್ತಿ ಬರುತ್ತವೆ. ಕರಾವಳಿಯ ಬೋಟುಗಳ ಖರ್ಚು ಏರಿದರೆ ಅದರ ಬಿಸಿ ಮಲೆನಾಡಿನ ವ್ಯಾಪಾರಿಗೂ ತಟ್ಟುತ್ತದೆ. ಬೋಟಿನ ಖರ್ಚಿನಲ್ಲಿ ಡೀಸೆಲ್‌ಗೆ ದೊಡ್ಡ ಪಾಲು. ಮೀನನ್ನು ಹುಡುಕುತ್ತ ಸುತ್ತುವುದರಲ್ಲಿಯೇ ಅದರ ಒಂದು ಭಾಗ ಕರಗುತ್ತದೆ. ಈ ಹುಡುಕಾಟವನ್ನು ಕಡಿಮೆ ಮಾಡುವ ಸಾಧನವೇ ಫಿಶ್ ಫೈಂಡರ್. ಉನ್ನತ ದರ್ಜೆಯ ಯಂತ್ರಕ್ಕೆ ಲಕ್ಷಗಟ್ಟಲೆ ಹಣ ತೊಡಗಿಸುವ ಮುನ್ನ ಬೋಟ್ ಮಾಲೀಕರೂ, ಬೋಟಿನಲ್ಲಿ ಪಾಲು ಹೊಂದಿ ದಡದಲ್ಲಿರುವವರೂ ಕೆಲವು ಸಂಗತಿಗಳನ್ನು ಅರಿತಿರುವುದು ಅಗತ್ಯ.

ಕಾರ್ಯವಿಧಾನ

ಮೀನು ಶೋಧಕ ಯಂತ್ರವನ್ನು ಜಗತ್ತಿನಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಫುರುನೊ ಸಂಸ್ಥೆ, 1948ರಲ್ಲಿ. ಬೋಟಿನ ತಳದಲ್ಲಿ ಅಳವಡಿಸಿದ ಟ್ರಾನ್ಸ್‌ಡ್ಯೂಸರ್ ನೀರಿನೊಳಗೆ ಶಬ್ದದ ಅಲೆಯನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯನ್ನು ಗ್ರಹಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವುದರಿಂದ ಪ್ರತಿಧ್ವನಿ ಬರಲು ಹಿಡಿದ ಕಾಲವೇ ಆಳವನ್ನು ತಿಳಿಸುತ್ತದೆ. ಮೀನಿನ ದೇಹದೊಳಗಿನ ಗಾಳಿಚೀಲ ಪ್ರಬಲವಾದ ಪ್ರತಿಧ್ವನಿ ನೀಡುತ್ತದೆ. ಗಾಳಿಚೀಲವಿಲ್ಲದ ಬೊಂಡಾಸ್, ಸಿಗಡಿಗಳ ಗುರುತು ಕ್ಷೀಣವಾಗಿರುತ್ತದೆ.

ಆಯ್ಕೆಯ ಮಾನದಂಡಗಳು

1. ಆವರ್ತನ: 50 ಕಿಲೋಹರ್ಟ್ಸ್‌ನ ಅಲೆ ಹೆಚ್ಚು ಆಳಕ್ಕೆ ಇಳಿಯುತ್ತದೆ, 200 ಕಿಲೋಹರ್ಟ್ಸ್‌ನ ಅಲೆ ಕಡಿಮೆ ಆಳದಲ್ಲಿ ಸೂಕ್ಷ್ಮ ವಿವರ ನೀಡುತ್ತದೆ. ಅಲೆಯ ಕೋನವನ್ನೂ ಗಮನಿಸಬೇಕು. ಕೋನ 20 ಡಿಗ್ರಿಯಾಗಿದ್ದರೆ 60 ಮೀಟರ್ ಆಳದಲ್ಲಿ ಸುಮಾರು 21 ಮೀಟರ್ ಅಗಲದ ಪ್ರದೇಶ ಕಾಣುತ್ತದೆ. 6 ಡಿಗ್ರಿಯಾಗಿದ್ದರೆ ಕೇವಲ 6 ಮೀಟರ್. ಒಂದೇ ಆವರ್ತನದ ಬದಲು ಆವರ್ತನಗಳ ಒಂದು ಶ್ರೇಣಿಯನ್ನೇ ಕಳುಹಿಸುವ ಚರ್ಪ್ ತಂತ್ರಜ್ಞಾನದ ಯಂತ್ರಗಳು ಒತ್ತೊತ್ತಾಗಿರುವ ಮೀನುಗಳನ್ನು ಹೆಚ್ಚು ಸ್ಪಷ್ಟವಾಗಿ ಬೇರ್ಪಡಿಸುತ್ತವೆ.

2. ಬಲೆಯ ಬಗೆ: ಟ್ರಾಲ್ ಬೋಟಿಗೆ ಸಮುದ್ರತಳಕ್ಕೆ ಅಂಟಿಕೊಂಡ ಮೀನನ್ನು ತಳದಿಂದ ಬೇರ್ಪಡಿಸಿ ತೋರಿಸುವ ಸಾಮರ್ಥ್ಯ ಮುಖ್ಯ. ಪರ್ಸೀನ್ ಬೋಟಿಗೆ ಕೆಳಗಿನ ನೋಟ ಸಾಲದು. ಮೀನಿನ ಹಿಂಡು ಯಾವ ದಿಕ್ಕಿನಲ್ಲಿದೆ ಎಂದು ಸುತ್ತಲೂ ನೋಡುವ ಸೋನಾರ್ ಬೇಕಾಗುತ್ತದೆ. ಅದು ಬೇರೆಯೇ ಬೆಲೆಯ ಯಂತ್ರ. ಲಿಂಗನಮಕ್ಕಿ ಜಲಾಶಯದಲ್ಲಿ ಸಣ್ಣ ದೋಣಿಯಿಂದ ಬಲೆ ಬಿಡುವವರಿಗೆ ಇವೆರಡೂ ಅನಗತ್ಯ.

3. ಅಳವಡಿಕೆ: ಟ್ರಾನ್ಸ್‌ಡ್ಯೂಸರ್ ಪ್ರೊಪೆಲ್ಲರ್‌ನ ನೊರೆಯಿಂದ ದೂರವಿರಬೇಕು. ಗಾಳಿಗುಳ್ಳೆಗಳು ಶಬ್ದವನ್ನು ತಡೆಯುವುದರಿಂದ, ತಪ್ಪು ಜಾಗದಲ್ಲಿ ಕೂರಿಸಿದ ದುಬಾರಿ ಯಂತ್ರವು ಸರಿಯಾಗಿ ಕೂರಿಸಿದ ಅಗ್ಗದ ಯಂತ್ರಕ್ಕಿಂತ ಕಡಿಮೆ ಕೆಲಸ ಮಾಡುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯಲ್ಲಿ ಬೋಟು ದಡದಲ್ಲಿರುವಾಗಲೇ ಈ ಕೆಲಸ ಮಾಡಿಸುವುದು ಲೇಸು.

4. ಸೇವೆ: ಹತ್ತಿರದ ಬಂದರಿನಲ್ಲಿ ದುರಸ್ತಿಗಾರರು ಮತ್ತು ಬಿಡಿಭಾಗಗಳು ಲಭ್ಯವಿರದ ಯಂತ್ರವನ್ನು ಬೆಲೆಯ ಆಸೆಗೆ ಕೊಳ್ಳಬಾರದು.

ಪ್ರತಿ ಯಾನದ ವೆಚ್ಚ

ಅನೇಕರು ಯಂತ್ರದ ಬೆಲೆಯನ್ನಷ್ಟೇ ಹೋಲಿಸುತ್ತಾರೆ. ಹೋಲಿಸಬೇಕಾದುದು ಪ್ರತಿ ಯಾನದ ವೆಚ್ಚವನ್ನು. ವಿಧಾನವನ್ನು ವಿವರಿಸಲು ಒಂದು ಉದಾಹರಣೆ: ಅಳವಡಿಕೆ ಸೇರಿ 4,00,000 ರೂ. ಬೆಲೆಯ ಯಂತ್ರ 6 ವರ್ಷ ಬಾಳಿ, ಕೊನೆಗೆ 40,000 ರೂ.ಗೆ ಮಾರಾಟವಾದರೆ ವಾರ್ಷಿಕ ಸವಕಳಿ 60,000 ರೂ. ಸರಾಸರಿ ಬಂಡವಾಳ 2,20,000 ರೂ. ಮೇಲೆ ಶೇ. 10ರಂತೆ ಬಡ್ಡಿ 22,000 ರೂ. ನಿರ್ವಹಣೆಗೆ 18,000 ರೂ. ಸೇರಿಸಿದರೆ ಒಟ್ಟು ಒಂದು ಲಕ್ಷ. ವರ್ಷಕ್ಕೆ 20 ಯಾನಗಳಾದರೆ ಪ್ರತಿ ಯಾನಕ್ಕೆ 5,000 ರೂ. ಇದೇ ಕ್ರಮದಲ್ಲಿ 1,60,000 ರೂ. ಬೆಲೆಯ ಯಂತ್ರಕ್ಕೆ ಪ್ರತಿ ಯಾನಕ್ಕೆ 2,000 ರೂ. ಬೀಳುತ್ತದೆ. ಹೆಚ್ಚುವರಿ 3,000 ರೂ. ಎಂದರೆ, ಲೀಟರಿಗೆ 90 ರೂ. ಎಂದು ಹಿಡಿದರೆ, ಸುಮಾರು 33 ಲೀಟರ್ ಡೀಸೆಲ್. ದೊಡ್ಡ ಎಂಜಿನ್‌ನ ಬೋಟು ಇಷ್ಟನ್ನು ಕೆಲವೇ ಗಂಟೆಗಳ ಹುಡುಕಾಟದಲ್ಲಿ ಸುಡುತ್ತದೆ. ದಿನಗಟ್ಟಲೆ ಆಳಸಮುದ್ರದಲ್ಲಿರುವ ಬೋಟಿಗೆ ದುಬಾರಿ ಯಂತ್ರ ಸಮರ್ಥನೀಯವಾಗಬಹುದು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಬೋಟಿಗೆ ಹಾಗಾಗುವ ಸಂಭವ ಕಡಿಮೆ.

ಇಲ್ಲಿ ಇನ್ನೊಂದು ಅಂಶವಿದೆ. ಯಂತ್ರದ ಸಂಪೂರ್ಣ ವೆಚ್ಚವನ್ನು ಮಾಲೀಕರು ಭರಿಸುತ್ತಾರೆ. ಆದರೆ ಪಾಲಿನ ಪದ್ಧತಿಯಿರುವ ಬೋಟಿನಲ್ಲಿ ಹೆಚ್ಚುವರಿ ಮೀನಿನ ಹಣದಲ್ಲಿ ತಾಂಡೇಲರಿಗೂ ಕಲಾಸಿಗಳಿಗೂ ಪಾಲು ಸಲ್ಲುತ್ತದೆ. ಆದುದರಿಂದ ಹೆಚ್ಚುವರಿ ಆದಾಯದಲ್ಲಿ ತಮ್ಮ ಪಾಲನ್ನು ಮಾತ್ರ ಲಾಭವೆಂದು ಎಣಿಸಬೇಕು. ಹಾಗೆಯೇ, ಯಂತ್ರದ ತೆರೆಯನ್ನು ಓದುವವರು ತಾಂಡೇಲರು. ಅವರನ್ನು ಕೇಳದೆ ಕೊಂಡ ಯಂತ್ರ ಆಳಮಾಪಕವಾಗಿಯಷ್ಟೇ ಉಳಿಯುವ ಸಾಧ್ಯತೆಯಿದೆ.

ತೆರಿಗೆ ಮತ್ತು ಸಾಲ

ಹಸಿ ಮೀನಿನ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲ. ಆದ್ದರಿಂದ ಹಸಿ ಮೀನನ್ನಷ್ಟೇ ಮಾರುವವರಿಗೆ ಯಂತ್ರದ ಮೇಲೆ ತೆತ್ತ ಜಿ.ಎಸ್.ಟಿ.ಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಅದನ್ನೂ ವೆಚ್ಚಕ್ಕೆ ಸೇರಿಸಬೇಕು. ಮೀನುಗಾರಿಕೆಯ ಆದಾಯ ಕೃಷಿ ಆದಾಯವಲ್ಲ; ಅದು ಆದಾಯ ತೆರಿಗೆಗೆ ಒಳಪಡುತ್ತದೆ. ಲೆಕ್ಕಪುಸ್ತಕ ಇಟ್ಟು ಲಾಭ ತೋರಿಸುವವರು ಸವಕಳಿ ಪಡೆಯಬಹುದು. ಯಂತ್ರವು ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅರ್ಧ ಸವಕಳಿ ಮಾತ್ರ. ಆಗಸ್ಟ್‌ನಲ್ಲಿಯೇ ಬಳಸತೊಡಗಿದರೆ ಪೂರ್ಣ ಸವಕಳಿ ಸಿಗುತ್ತದೆ. ಅಕ್ಟೋಬರ್ ಮೊದಲ ವಾರ ಕಳೆದರೆ ಅವಕಾಶ ತಪ್ಪುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ಮೊತ್ತ ಸವಕಳಿಯ ಲೆಕ್ಕಕ್ಕೆ ಬಾರದು. ಬ್ಯಾಂಕಿನ ಮೂಲಕವೇ ಪಾವತಿಸಿ, ಬಿಲ್ಲನ್ನು ಬೋಟಿನ ಮಾಲೀಕರ ಹೆಸರಿನಲ್ಲಿಯೇ ಪಡೆಯಬೇಕು. ಕಿಸಾನ್ ಕ್ರೆಡಿಟ್ ಕಾರ್ಡ್‌ನ ದುಡಿಯುವ ಬಂಡವಾಳವನ್ನು ಯಂತ್ರಕ್ಕೆ ತೊಡಗಿಸಿದರೆ ಋತುವಿನ ಆರಂಭದಲ್ಲಿ ಡೀಸೆಲ್, ಮಂಜುಗಡ್ಡೆಗೆ ಹಣವಿಲ್ಲದಂತಾಗುತ್ತದೆ. ಅದಕ್ಕೆ ಅವಧಿ ಸಾಲವೇ ಸೂಕ್ತ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ಮಾಹಿತಿಯನ್ನಾಧರಿಸಿ, ಮೀನು ಸಿಗಬಹುದಾದ ವಲಯಗಳ ಸೂಚನೆಯನ್ನು ಉಚಿತವಾಗಿ ನೀಡುತ್ತದೆ. ಎತ್ತ ಹೋಗಬೇಕೆಂಬುದನ್ನು ಅದರಿಂದ ತಿಳಿದು, ಬಲೆಯನ್ನು ಎಲ್ಲಿ ಇಳಿಸಬೇಕೆಂಬುದನ್ನು ಫಿಶ್ ಫೈಂಡರ್‌ನಿಂದ ನಿರ್ಧರಿಸುವುದು ಮಿತವ್ಯಯದ ಮಾರ್ಗ. ಯಂತ್ರವು ಇರುವ ಮೀನನ್ನು ತೋರಿಸಬಲ್ಲದು. ಇಲ್ಲದ ಮೀನನ್ನು ತರಲಾರದು. ಮೀನಿನ ಇಳುವರಿ ಕುಸಿದ ವರ್ಷದಲ್ಲಿಯೂ ಸಾಲದ ಕಂತು ತೀರಿಸಲು ಸಾಧ್ಯವೇ ಎಂಬುದನ್ನು ಪರಿಶೀಲಿಸಿದ ನಂತರವೇ ಖರೀದಿಯ ನಿರ್ಧಾರ ಕೈಗೊಳ್ಳುವುದು ಕ್ಷೇಮ.